ಹುಣಸೆಹಣ್ಣಿನಲ್ಲಿ ತೊಳೆದ ನೇಗಿಲ ನಾಣ್ಯ

ವಿಜಯಪುರ ಕಡೆಯ ಅಮೃತಪ್ಪ ಇಂಗ್ಲೆಂಡಿನ ಹೇಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿಯೇ ವಯಸ್ಸು ಸವೆಸಿದವನು. ರಿಟೈರ್ ಆದ ಮೇಲೆ ಅವನಿಗೆ ಹಳೆಯ ಅಮೆರಿಕದ ತಾಮ್ರದ ನಾಣ್ಯಗಳ ಹುಚ್ಚು ಹಿಡಿಯಿತು. ಅಮೆರಿಕ ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡ ಹೊಸತರಲ್ಲಿ ಕೆಲವು ರಾಜ್ಯಗಳು ತಮ್ಮದೇ ನಾಣ್ಯ ಹೊಡೆಸಿದ್ದವು. ನ್ಯೂಜೆರ್ಸಿಯದರ ಮೇಲೆ ಕುದುರೆಯ ತಲೆ, ಕೆಳಗೊಂದು ನೇಗಿಲು. ಅಚ್ಚುಗಳನ್ನು ಕೈಯಲ್ಲೇ ಕೆತ್ತುತ್ತಿದ್ದುದರಿಂದ ಒಂದರ ನೇಗಿಲಿನಂತೆ ಇನ್ನೊಂದರದಿಲ್ಲ. ಹಿಡಿಯ ಬಾಗು ನೋಡಿ ಯಾವ ಅಚ್ಚೆಂದು ಗುರುತಿಸಬೇಕು. ಅಮೃತಪ್ಪ ಅಂಥದ್ದೊಂದನ್ನು ಸಂಪಾದಿಸಿ, ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ.

"ನಿಮ್ಮಪ್ಪ ನೇಗಿಲ ಹಿಡಿ ಅಂದ್ರ ಓಡಿಹೋಗ್ತಿದ್ರಿ. ಈಗ ನಾಣ್ಯದ ಮ್ಯಾಲಿಂದು ನೋಡಾಕತ್ತೀರಿ!" ಎಂದು ಹೆಂಡತಿ ಚಂದ್ರವ್ವ ಹಂಗಿಸುತ್ತಿದ್ದಳು.

ಅವನು ಸೇರಿದ್ದ ನಾಣ್ಯದ ಕ್ಲಬ್ಬಿನಲ್ಲಿ ವರ್ಷಕ್ಕೊಂದು ಪ್ರದರ್ಶನ. ಈ ಸಲ ಅವನ ನಾಣ್ಯವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾಗಿ ಅಲ್ಲಿನ ಉಸ್ತುವಾರಿ, ಬೆಂಗಳೂರಿನ ಶೇಷಾದ್ರಿ, ಮಾತು ಕೊಟ್ಟಿದ್ದರು. ತನ್ನದೂ ಒಂದನ್ನು ನಾಲ್ಕು ಜನ ಬಗ್ಗಿ ನೋಡಬೇಕು, ಅದೊಂದೇ ಅಮೃತಪ್ಪನ ಆಸೆ.

ಅಷ್ಟರಲ್ಲಿ ದೀಪಾವಳಿ ಬಂತು. ಮನೆಯಲ್ಲಿರುವ ಹಳೆಯ ನಾಣ್ಯಗಳನ್ನೆಲ್ಲ ಲಕ್ಷ್ಮಿಯ ಮುಂದಿಟ್ಟು ಪೂಜೆ ಮಾಡುವುದು ಚಂದ್ರವ್ವನ ರೂಢಿ. ಅಮೃತಪ್ಪ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ಚೆಂಡುಹೂ ತಂದು ನೋಡಿದರೆ, ವೀಳ್ಯದೆಲೆಯ ಮೇಲೆ ನೇಗಿಲ ನಾಣ್ಯ ಈಗ ತಾನೇ ಟಂಕಸಾಲೆಯಿಂದ ಬಂದಂತೆ ಕೆಂಪಗೆ ಹೊಳೆಯುತ್ತಿತ್ತು.

"ಯಾರು ಮುಟ್ಟಿದ್ರು ಇದನ್ನ?"

"ನಾನ. ಲಕ್ಷ್ಮಿ ಮುಂದ ಕರ್ರಗಿಂದು ಇಡಬೇಕೇನು? ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ."

"ಇನ್ನೂರು ವರ್ಷದ ಬಣ್ಣ ಅದು! ಅದು ಹೋದ್ರ ನಾಣ್ಯದ ಮರ್ಯಾದಿನ ಹೋತು."

"ಹೊಲಸಿಗೂ ವಯಸ್ಸು ನೋಡ್ತಾರೇನ್ರೀ?" ಎಂದಳು. ಆದರೆ ಗಂಡ ಹೋಳಿಗೆ ಮುಟ್ಟದೆ ಎದ್ದದ್ದು ನೋಡಿ ಅವಳೂ ತಟ್ಟೆ ಸರಿಸಿದಳು.

ಪ್ರದರ್ಶನದ ದಿನ ಅವನು ಹಾಸಿಗೆ ಬಿಟ್ಟೇಳಲಿಲ್ಲ. "ಏಳ್ರಿ. ತಿಕ್ಕಿದಾಕಿ ನಾನು, ಹೇಳಾಕಿನೂ ನಾನ," ಎಂದು ಚಂದ್ರವ್ವ ಕೋಟು ಹಾಕಿಕೊಂಡು ನಿಂತಳು. ಬೇರೆ ದಾರಿ ಕಾಣದೆ ಬಸ್ ಹತ್ತಿದ.

ಶೇಷಾದ್ರಿ ನಾಣ್ಯ ನೋಡಿ ಹಣೆ ಹಿಡಿದುಕೊಂಡರು. "ಏನ್ರೀ ಅಮೃತಪ್ಪನವರೇ, ಹಬ್ಬಕ್ಕೆ ಇದಕ್ಕೂ ಎಣ್ಣೆಸ್ನಾನ ಮಾಡಿಸಿಬಿಟ್ರಾ?"

"ಎಣ್ಣಿ ಅಲ್ರೀ, ಹುಣಸಿಹಣ್ಣು. ಅವರದೇನೂ ತಪ್ಪಿಲ್ಲ," ಎಂದಳು ಚಂದ್ರವ್ವ.

ಶೇಷಾದ್ರಿ ನಕ್ಕುಬಿಟ್ಟರು. "ಗಾಜಿನೊಳಗೆ ಇಡೋಕಂತೂ ಆಗಲ್ಲಮ್ಮ. ಹೊಸಬರು ಮುಟ್ಟಿ ನೋಡೋಕೆ ಒಂದು ನಾಣ್ಯ ಬೇಕಾಗಿತ್ತು, ಇದನ್ನ ಕೊಡೋಣ. ತೊಳೆದ್ರೆ ಏನಾಗುತ್ತೆ ಅಂತಾನೂ ತೋರಿಸ್ಬೋದು. ಆಗುತ್ತಾ?"

ಇಷ್ಟು ದಿನ ಕಾದು, ಕೆಟ್ಟದ್ದಕ್ಕೆ ಉದಾಹರಣೆಯಾಗಿ ಕೂರುವುದೇ? ಅಮೃತಪ್ಪ ನಾಣ್ಯವನ್ನು ಜೇಬಿಗಿಳಿಸಿ, ಮತ್ತೆ ಹೊರಗೆ ತೆಗೆದ. "ಕೊಡ್ತೀನ್ರಿ. ಆದ್ರ ನೇಗಿಲದ್ದು ನಾನ ಹೇಳಾಂವ."

ಗಾಜಿನ ಪೆಟ್ಟಿಗೆಗಳ ಮುಂದೆ ಜನ ಬಗ್ಗಿ ಮುಂದಕ್ಕೆ ಸಾಗಿದರು. ಅಮೃತಪ್ಪನ ಮೇಜಿನ ಮುಂದೆ ನಿಂತವರು ಕದಲಲಿಲ್ಲ. ನಾಣ್ಯ ಕೈಯಿಂದ ಕೈಗೆ ಹೋಗುತ್ತಿತ್ತು, ಹಿಡಿಯ ಬಾಗಿನ ಮೇಲೆ ಬೆರಳಾಡಿಸಿ ಕೇಳುವವರಿಗೆ ಅವನು ತನ್ನ ಇಂಗ್ಲಿಷಿನಲ್ಲೇ ಹೇಳುತ್ತಿದ್ದ.

"ನಾ ಮಾಡಿದ್ದನ್ನ ಊರಿಗೆಲ್ಲ ತೋರಸಾಕತ್ತೀರಲ್ಲ!" ಎಂದು ಚಂದ್ರವ್ವ ಅಂಗಿ ಜಗ್ಗಿದಳು.

"ಸುಮ್ನ ಸರಿ ಆಕಡಿ," ಎಂದ ಅಮೃತಪ್ಪ, "ಇನ್ನೊಬ್ಬರು ಬಂದ್ರು."