ವಾಲ್ವ್ ತೆಗೆದ ಗಾದಿ

ಮಂಚದ ಮೇಲೆ ನಾನೊಬ್ಬಳೇ ಮಲಗುತ್ತೇನೆಂದು ಮೊದಲು ಬಾಯಿಬಿಟ್ಟು ಹೇಳಿದ್ದು ಮನುಷ್ಯರಲ್ಲ, ಒಂದು ಗಾದಿ. ದಿನವೂ ಬೆಳಿಗ್ಗೆ ಅದು ನನ್ನ ಮೊಬೈಲಿಗೆ ವರದಿ ಕಳಿಸುತ್ತಿತ್ತು: ಎಡಭಾಗ, ಏಳು ಸಲ ಬಿಸಿಯಾಗಿದೆ; ಬಲಭಾಗ, ಯಾರೂ ಇಲ್ಲ.

ತೆಳು ಗಾದಿ. ಒಳಗೆಲ್ಲ ಸಣ್ಣ ನಳಿಗೆಗಳು. ಪಕ್ಕದ ಡಬ್ಬಿಯಿಂದ ನೀರು ಹರಿಯುತ್ತದೆ. ಮಲಗಿದವರ ಮೈ ಕಾದರೆ ತಾನೇ ತಂಪಾಗುತ್ತದೆ, ಆರಿದರೆ ಬೆಚ್ಚಗಾಗುತ್ತದೆ. ಎರಡು ಭಾಗಕ್ಕೆ ಎರಡು ಹವಾಮಾನ. ಹಳೆಯ ವೈದ್ಯರು ಒಬ್ಬರದು ಪಿತ್ತದ ಮೈ, ಇನ್ನೊಬ್ಬರದು ವಾತದ ಮೈ ಎಂದರು. ಇಬ್ಬರನ್ನೂ ಒಂದೇ ಮಂಚದಲ್ಲಿ ಮಲಗಿಸುವುದು ಹೇಗೆಂದು ಮಾತ್ರ ಹೇಳಲಿಲ್ಲ.

ನನಗೆ ಐವತ್ತೊಂದು. ಕುತ್ತಿಗೆಯ ಹಿಂದೆ ಝಳ ಏಳುತ್ತದೆ, ಕಿವಿಗೆ ಬರುತ್ತದೆ, ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ; ಮೊದಲ ಸಲ ಸತ್ತೇ ಹೋದೆನೆಂದು ನಡುಗಿದ್ದೆ. ಕುಳಗಿ ಕಾಡಿನ ಕಡೆಯಿಂದ ಚಳಿ ಇಳಿಯುವ ದಿನಗಳಲ್ಲೂ ಹೊದಿಕೆ ಒದ್ದು ಫ್ಯಾನ್ ಹಾಕುತ್ತೇನೆ. ಯಜಮಾನರು ತಲೆದಿಂಬು ಎತ್ತಿಕೊಂಡು ಹೊರಗಿನ ದಿವಾನಕ್ಕೆ ಹೋಗಿ ಆರು ತಿಂಗಳಾಗಿತ್ತು. ಬನ್ನಿ ಎನ್ನಲು ನಾಚಿಕೆ. ಅದಕ್ಕೇ ಈ ಗಾದಿ ತರಿಸಿದ್ದು. ಅವರು ಅದರತ್ತ ನೋಡಲೂ ಇಲ್ಲ.

ಮೂರನೆಯ ವಾರ ಡಬ್ಬಿ ಗೊರಗೊರ ಎಂದು ನಿಂತಿತು. ಮಾರಿದವರು ದಾಂಡೇಲಿಗೆ ಬರುವುದಿಲ್ಲವೆಂದರು. ನಮ್ಮ ಓಣಿಯ ಜೀಪ್ ಮೆಕ್ಯಾನಿಕ್ ರಫೀಕ್ ಬಂದ, ಬಿಚ್ಚಿದ, ನಕ್ಕ.

“ಅಕ್ಕೋರ, ಇದು ನಮ್ಮ ಜೀಪಿನ ರೇಡಿಯೇಟರ್ ಇದ್ದಂಗ ಐತಲ್ರೀ! ಬಿಸಿ-ತಂಪು ನೋಡಿ ನೀರು ಬಿಡೋ ಈ ವಾಲ್ವ್ ಸಿಕ್ಕೊಂಡೈತಿ, ತಗದ ಬಿಡ್ತೇನಿ. ಘಟ್ಟ ಏರೋ ಜೀಪಿಗೇ ನಾ ಇದನ್ನ ಇಡಂಗಿಲ್ಲ.”

“ಗಾದಿ ಬುದ್ಧಿ ಹೋಗೂದಿಲ್ಲೇನಪಾ?”

“ಬುದ್ಧಿ ಹೋಗ್ತೈತ್ರಿ, ನೀರು ಓಡ್ತೈತಿ.” ಆಮೇಲೆ ಹೊರಗೆ ಕೂಗಿದ: “ಸರ್, ನೀವೂ ಬರ್ರಿ. ಲೋಡ್ ಇಲ್ದ ಟ್ರಯಲ್ ಆಗಂಗಿಲ್ಲ.”

ಭಾನುವಾರ ಹನ್ನೊಂದು ಗಂಟೆಗೆ, ಕಿಟಕಿ ತೆರೆದಿರುವಾಗ, ಆರ್‌ಟಿಓ ಪಾಸಿಂಗಿಗೆ ನಿಂತ ಗಾಡಿಗಳ ಹಾಗೆ ನಾವಿಬ್ಬರೂ ಅಲುಗಾಡದೆ ಮಲಗಿದೆವು. ರಫೀಕ್ ಕ್ಲಿಪ್ ತರಲು ಗ್ಯಾರೇಜಿಗೆ ಹೋದ. ಅಷ್ಟರಲ್ಲಿ ನನಗೆ ಝಳ ಎದ್ದಿತು.

“ಮತ್ತ ಮಾರಿ ಕೆಂಪಾತು,” ಎಂದರು ಯಜಮಾನರು. “ಈಗ ನಾ ಏನ್ ಮಾಡೇನಿ?”

“ನೀವೇನೂ ಮಾಡಿಲ್ರಿ. ಝಳ. ಈ ವಯಸ್ಸಿಗೆ ಹೆಂಗಸರಿಗೆ ಬರೂದ.”

“ಸಿಟ್ಟಲ್ಲೇನ? ನಾ ಬಾಜೂಕ ಇದ್ರ ನಿನಗ ಸಿಟ್ಟ ಬರ್ತೈತಿ ಅಂತ ತಿಳದು ಇಷ್ಟ ದಿನ ಹೊರಗ ಬಿದ್ದೇನಲ್ಲ!”

ಗಾದಿಯನ್ನು ದೂರುವ ಹಾಗಿಲ್ಲ. ಬಿಸಿ ಎಷ್ಟೆಂದು ಅದಕ್ಕೆ ಗೊತ್ತಿತ್ತು, ಯಾಕೆಂದು ನನಗೆ ಗೊತ್ತಿತ್ತು. ಗೊತ್ತಾಗಬೇಕಾದವರಿಗೆ ಇಬ್ಬರೂ ಹೇಳಿರಲಿಲ್ಲ.

ಈಗ ಎರಡೂ ಕಡೆ ಒಂದೇ ತಂಪು. ಅವರು ಎರಡು ಕೌದಿ ಹೊದ್ದು, ರಫೀಕನನ್ನೂ ನನ್ನನ್ನೂ ಸೇರಿಸಿ ಬೈಯುತ್ತ ನನ್ನ ಪಕ್ಕದಲ್ಲೇ ಮಲಗುತ್ತಾರೆ. ಈ ಜಗಳವನ್ನು ರಿಪೇರಿ ಮಾಡಿಸುವ ವಿಚಾರ ಇಬ್ಬರಿಗೂ ಇಲ್ಲ.