ಮಗ್ಗಕ್ಕೆ ಕುಣಿಯುತ್ತಿದ್ದ ಕಾಲು

ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದಾಗ ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಮೂರು ತಿಂಗಳಿಗೇ ಗೊತ್ತಾಗಬಹುದಿತ್ತು. ನಡುವಿನ ಆರು ತಿಂಗಳು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ಮಗು ಮಾತು ಕಲಿಯುವುದಕ್ಕೆ ಬಹಳ ಮೊದಲೇ ಅದರ ಕಿವಿ ಮಾತನ್ನು ಕೂಡಿಹಾಕಿಕೊಳ್ಳುತ್ತಿರುತ್ತದೆ. ಹಾಗೆ ಕೂಡಿಹಾಕಿಕೊಳ್ಳಬೇಕಾದ ಆರು ತಿಂಗಳನ್ನು ನಾವು ಕಳೆದೆವು. ನಗುತ್ತಾ, ಚಪ್ಪಾಳೆ ತಟ್ಟುತ್ತಾ ಕಳೆದೆವು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಮುಂದಿನ ಹಜಾರದಲ್ಲಿ ನಾಲ್ಕು ಪವರ್‌ಲೂಮು, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ನಾನು ಕೃಷಿಕರ ಮನೆಯವಳು, ತೂಬಗೆರೆ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಮಗ್ಗ ಶುರುವಾದರೆ ನನ್ನ ಹಲ್ಲಿನವರೆಗೂ ನಡುಕ ಬರುತ್ತಿತ್ತು. ಅಡುಗೆಮನೆಯ ಬಿಂದಿಗೆಯಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಎನ್ನುತ್ತಿದ್ದವು. ಅದನ್ನು ದಿನಾ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದೇ ಈಗ ನನ್ನ ಮೇಲಿನ ದೊಡ್ಡ ಆರೋಪ. ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಬೆಂಚಿನ ಮೇಲೆ ಕಿವಿ ಇಡಲು ಹೇಳಿ, ಇನ್ನೊಂದು ತುದಿಯಲ್ಲಿ ಪೆನ್ನಿನಿಂದ ತಟ್ಟಿ, ಶಬ್ದ ಎಂದರೆ ಕಂಪನ, ಅದು ಗಟ್ಟಿ ವಸ್ತುವಿನಲ್ಲೂ ಹರಿಯುತ್ತದೆ ಎಂದು ವರ್ಷ ವರ್ಷ ಪಾಠ ಮಾಡಿದವಳು.

ಮಗು ಹುಟ್ಟಿದ ನರ್ಸಿಂಗ್ ಹೋಮಿನಲ್ಲಿ ಕಿವಿಯ ಪರೀಕ್ಷೆ ಮಾಡಿ ಒಂದು ಕಾರ್ಡು ಕೊಟ್ಟಿದ್ದರು. ಫಲಿತಾಂಶ ಸ್ಪಷ್ಟವಾಗಿ ಬಂದಿಲ್ಲ, ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಮೂರು ತಿಂಗಳೊಳಗೆ ಇನ್ನೊಮ್ಮೆ ಮಾಡಿಸಿ ಎಂದಿದ್ದರು. ಆಗ ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಎರೆಯುವುದು, ಸಾಂಬ್ರಾಣಿ ಹಾಕುವುದು, ನನ್ನ ಊಟ, ಎಲ್ಲವನ್ನೂ ಅತ್ತೆಯೇ ಮಾಡಿದರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಸಿಟ್ಟಿನಲ್ಲಿ ಮರೆತೇನು.

ಎರಡು ತಿಂಗಳಾದ ಮೇಲೆ ಮಗುವನ್ನು ಹಗಲು ಹೊತ್ತು ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಿದ್ದೆವು. ಹಜಾರದಲ್ಲಿ ನನ್ನ ಗಂಡ ಮಗ್ಗ ಶುರು ಮಾಡಿದರೆ ಸಾಕು, ಅವಳ ಕಾಲು ಎರಡೂ ಎದ್ದು ಪಟಪಟ ಬಡಿಯುತ್ತಿದ್ದವು. ನಿಲ್ಲಿಸಿದರೆ ನಿಲ್ಲುತ್ತಿದ್ದವು.

"ನೋಡಿದ್ಯೇನಮ್ಮಾ," ಎಂದು ಅತ್ತೆ ನಕ್ಕರು. "ತಾಯಿ ಮಗ್ಗದ ಸದ್ದು ಅಂದ್ರೆ ಮೂತಿ ತಿರುವ್ತಾಳೆ, ಮಗಳು ಕುಣೀತಾಳೆ! ಇದು ನಮ್ ಮನೆ ರಕ್ತ ಕಣಮ್ಮ."

ಬೀದಿಯವರೆಲ್ಲ ಬಂದು ನೋಡಿಹೋದರು. ಬಾಗಿಲು ಬಡಿದರೆ, ನಾಯಿ ಬೊಗಳಿದರೆ ಮಗು ಬೆಚ್ಚುತ್ತಿರಲಿಲ್ಲ. ಅದಕ್ಕೂ ಬೀದಿಯಲ್ಲಿ ಉತ್ತರ ತಯಾರಿತ್ತು: ಮಗ್ಗದ ಮನೆ ಮಕ್ಕಳು ಸಣ್ಣಪುಟ್ಟ ಸದ್ದಿಗೆಲ್ಲ ಬೆಚ್ಚುವುದಿಲ್ಲ. ಬೆಚ್ಚದಿದ್ದರೆ ಅಭ್ಯಾಸ, ಕುಣಿದರೆ ಕಿವಿ ಚುರುಕು. ಎರಡೂ ಕಡೆಯಿಂದ ಬಾಗಿಲು ಹಾಕಿದ ಹಾಗೆ. ಒಳಗೆ ನನ್ನ ಮಗು.

ಒಂಬತ್ತನೇ ತಿಂಗಳಲ್ಲಿ ತೂಬಗೆರೆಗೆ ಹೋದೆ. ಅಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆಯ ಪಕ್ಕ ನಿಂತಿದ್ದಳು. ಮಗು ಅಮ್ಮನ ಸರ ಹಿಡಿದು ಆಡುತ್ತಿತ್ತು. ಕುಕ್ಕರು ಒಂದೇ ಸಲಕ್ಕೆ ಕಿರುಚಿಕೊಂಡಿತು. ಅಮ್ಮನೇ ಹೌಹಾರಿದಳು. ಸರದ ಮೇಲಿದ್ದ ಮಗುವಿನ ಬೆರಳು ಒಂದು ಕ್ಷಣವೂ ತಡೆಯಲಿಲ್ಲ.

"ಯಾಕೇ, ಇದು ತಿರುಗೂ ನೋಡ್ಲಿಲ್ವಲ್ಲೇ?"

"ಮಗ್ಗದ ಮನೆ ಮಗು ಕಣಮ್ಮ. ಇಷ್ಟಕ್ಕೆಲ್ಲ ಬೆಚ್ಚಲ್ಲ."

"ಬೆಚ್ಚೋದು ಬೇಡ. ಏನಪ್ಪಾ ಅದು ಅಂತ ನೋಡ್ಬೇಕಲ್ವೇನೇ?"

ಅವತ್ತು ಸಂಜೆಯ ಬಸ್ಸಿಗೇ ಹೊರಟು ಬಂದೆ. ಚೀಲ ಇಳಿಸದೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಾಲು ನೆಲಕ್ಕೆ ತಾಗದ ಹಾಗೆ ಕೋಣೆಯ ನಡುವೆ ನಿಂತು, "ರೀ, ಮಗ್ಗ ಹಾಕಿ," ಎಂದೆ. ಹಾಕಿದರು. ಕಾಲು ಸುಮ್ಮನೆ ಇಳಿಬಿದ್ದಿತ್ತು. ನಿಲ್ಲಿಸಲು ಹೇಳಿ ಚಾಪೆಯ ಮೇಲೆ ಮಲಗಿಸಿದೆ. ಮತ್ತೆ ಹಾಕಿದರು. ಕಾಲು ಕುಣಿಯಿತು. ಎತ್ತಿದೆ, ನಿಂತಿತು. ಇಳಿಸಿದೆ, ಕುಣಿಯಿತು. ಮೂರನೇ ಸಲಕ್ಕೆ ನನ್ನ ಗಂಡ, "ಸಾಕು ಬಿಡೇ," ಎಂದರು. ಮಗ್ಗ ಆರಿಸಿ ಬಾಗಿಲಿಗೆ ಬಂದಿದ್ದರು. ಮಗಳು ಇಷ್ಟು ತಿಂಗಳೂ ಕುಣಿದಿದ್ದು ನೆಲದ ನಡುಕಕ್ಕೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆ ಮಾಡಿದರು. ತೀವ್ರ ದೋಷ, ಆದರೆ ಸ್ವಲ್ಪ ಶ್ರವಣ ಉಳಿದಿದೆ, ಮೊದಲು ಕಿವಿಗೆ ಶ್ರವಣಯಂತ್ರ ಹಾಕಿ ನೋಡೋಣ ಎಂದರು. "ಇನ್ನೂ ಸ್ವಲ್ಪ ಬೇಗ ಬಂದಿದ್ದರೆ..." ಎಂದ ಡಾಕ್ಟರು ನನ್ನ ಮುಖ ನೋಡಿ ಮಾತು ನುಂಗಿಕೊಂಡರು. ಆ ನುಂಗಿದ ಮಾತನ್ನು ಮನೆವರೆಗೂ ತಂದೆ. ಹೊಸ್ತಿಲಲ್ಲೇ ಅತ್ತೆಯ ಮೇಲೆ ಹರಿಹಾಯ್ದೆ.

"ನೀವೇ ಬೇಡ ಅಂದಿದ್ದು! ಕಾರ್ಡು ಕೊಟ್ಟಿದ್ರು, ಕುಣೀತಾಳೆ ಕುಣೀತಾಳೆ ಅಂತ ನೀವೇ ತಡೆದಿದ್ದು!"

ಅತ್ತೆ ಕೈಯಲ್ಲಿದ್ದ ನೂಲನ್ನು ಬಿಡಿಸುತ್ತಾ ಕೂತರು. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ತೆಗೆದುಕೊಂಡೆ. ಎರಡು ತಿಂಗಳು ಅವರ ಜೊತೆ ಮಾತಾಡಲಿಲ್ಲ. ಊಟದ ತಟ್ಟೆ ಇಡುವಾಗ ಸದ್ದು ಮಾಡಿ ಇಟ್ಟೆ. ಮರುಪರೀಕ್ಷೆ ಬೇಡವೆಂದಾಗ ಅವರು ಕೂತಿದ್ದ ಜಾಗ, ಅವರು ಉಟ್ಟಿದ್ದ ಸೀರೆಯ ಬಣ್ಣ, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು.

ಯಂತ್ರ ಹಾಕಿದ ಮೇಲೆ ಮಗುವಿಗೆ ಕೇಳುವ ತರಬೇತಿ ಕೊಡುವವರು, ಮಗು ಯಾವ ತಿಂಗಳಲ್ಲಿ ಯಾವುದಕ್ಕೆ ಹೇಗೆ ಸ್ಪಂದಿಸುತ್ತಿತ್ತು ಬರೆದುಕೊಂಡು ಬನ್ನಿ ಎಂದರು. ಹಳೆಯ ಡೈರಿ ತೆಗೆದೆ. ಅಲ್ಲಿ, ಮಗುವಿಗೆ ಮೂರು ತಿಂಗಳು ತುಂಬುವ ವಾರದ ಪುಟದಲ್ಲಿ, ನನ್ನದೇ ದುಂಡು ಅಕ್ಷರ: "ಮಗ್ಗಕ್ಕೆ ಕಾಲು ಆಡಿಸುವುದನ್ನು ಏಳು ಸಲ ಗಮನಿಸಿದೆ. ಏಳಕ್ಕೆ ಏಳೂ ಸರಿ. ಅತ್ತೆ, ಡಾಕ್ಟರು ಹೇಳಿದ ಮೇಲೆ ಹೋಗಿ ಬರಬಾರದೇ ಎಂದರು. ಕಣ್ಣಾರೆ ನೋಡಿದ ಮೇಲೆ ಯಾಕೆ, ಬೇಡ ಎಂದೆ."

ಏಳು ಸಲ. ಪ್ರಯೋಗ ಮಾಡಿದ್ದೇನೆ, ಎಣಿಸಿದ್ದೇನೆ, ಒಂದು ಸಲವೂ ಮಗುವನ್ನು ನೆಲದಿಂದ ಎತ್ತಿ ನೋಡಿಲ್ಲ. ಎಂಟನೇ ತರಗತಿಯ ಹುಡುಗಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ. ಹಾಗಾದರೆ ಆ ಸೀರೆಯ ಬಣ್ಣ ಎಲ್ಲಿಂದ ಬಂತು? ಅತ್ತೆ ಬೇಡ ಎಂದ ದೃಶ್ಯವನ್ನು ಯಾರು ಕಟ್ಟಿ ನನ್ನ ತಲೆಯೊಳಗೆ ಇಟ್ಟರು? ನಾನೇ. ನನಗೆ ಬೇಕಾಗಿತ್ತು, ಇಟ್ಟುಕೊಂಡೆ. ಆ ಪುಟವನ್ನು ಮೂರು ವಾರ ಯಾರಿಗೂ ತೋರಿಸಲಿಲ್ಲ. ಅತ್ತೆಯ ಮೇಲೆ ಕೂಗಾಡಿದಷ್ಟು ಜೋರಾಗಿ ನನ್ನ ಮೇಲೆ ಕೂಗಾಡಿಕೊಳ್ಳಲೂ ಇಲ್ಲ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕೂ ಮಗ್ಗ ನಿಂತವು. ಮಗ್ಗ ಓಡುವಾಗ ಅವಳಿಗೆ ಯಂತ್ರ ಹಾಕುವುದಿಲ್ಲ, ಆ ಗದ್ದಲವನ್ನೇ ಅದು ಕಿವಿಗೆ ತುಂಬುತ್ತದೆ. ಕರೆಂಟು ಹೋದ ಕೂಡಲೇ ಎರಡೂ ಕಿವಿಗೆ ಹಾಕಿ ಮಡಿಲಲ್ಲಿ ಕೂರಿಸಿಕೊಂಡೆ. ಅವಳು ಕಾಲು ಒದೆಯುತ್ತಾ ನನ್ನ ಸೆರಗು ಎಳೆಯುತ್ತಿದ್ದಳು. ಹಿಂದಿನ ಬಾಗಿಲಲ್ಲಿ ಕೂತಿದ್ದ ಅತ್ತೆ, ಅವಳಿಗೆ ಕಾಣದ ಕಡೆಯಿಂದ, "ಏ ಬಂಗಾರೀ," ಎಂದರು.

ಕಾಲು ನಿಂತಿತು.

ಕುಣಿಯಲಿಲ್ಲ. ಗಾಳಿಯಲ್ಲೇ, ಎತ್ತಿದ್ದು ಎತ್ತಿದ ಹಾಗೆ ನಿಂತಿತು. ಉಸಿರೂ ಹಿಡಿದಿದ್ದಳೇನೋ. ಅತ್ತೆಗೆ ಗಾಬರಿಯಾಯಿತು. "ಯಾಕಮ್ಮಾ, ಮಗು ಯಾಕಿಂಗಾಯ್ತು?"

"ಕೇಳಿಸ್ಕೊತಾ ಇದಾಳೆ ಅತ್ತೆ," ಎಂದೆ. ಮಾತು ಬಿಟ್ಟ ಎರಡು ತಿಂಗಳು, ಡೈರಿ ತೆಗೆದ ಮೇಲಿನ ಮೂರು ವಾರ, ಅಷ್ಟಾಗಿತ್ತು ಅವರನ್ನು ಹಾಗೆ ಕರೆದು. ಬಾಯಿ ತೆರೆದಿದ್ದಾಗಲೇ ಹೇಳಿಬಿಟ್ಟೆ: "ಆ ಕಾರ್ಡು ಬೇಡ ಅಂದಿದ್ದು ನೀವಲ್ಲ. ನಾನು."

"ಗೊತ್ತು ಕಣಮ್ಮ."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ? ಅಷ್ಟು ಬೈದೆನಲ್ಲ!"

"ಹೇಳಿದ್ರೆ ನೀನು ಅನ್ನ ಮುಟ್ತಿದ್ಯಾ? ನನ್ನ ಬೈಕೊಂಡಾದ್ರೂ ಎರಡು ತುತ್ತು ತಿಂತಿದ್ದೆ."

ಅದಕ್ಕೂ ಸಿಟ್ಟು ಬಂತು. ನನ್ನ ತಪ್ಪನ್ನು ನನ್ನ ಕೈಯಿಂದ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಲು ಇವರಿಗೆ ಯಾರು ಹೇಳಿದ್ದರು? ಕೇಳಿಯೇಬಿಡೋಣ ಎಂದುಕೊಳ್ಳುವಷ್ಟರಲ್ಲಿ ಕರೆಂಟು ಬಂತು. ಹಜಾರದಲ್ಲಿ ಮಗ್ಗ ಒಂದಾದ ಮೇಲೊಂದು ಹೊಡೆದುಕೊಳ್ಳತೊಡಗಿದವು. ಮಗು ಮುಖ ಕಿವುಚಿತು. ನಾನು ಯಂತ್ರ ತೆಗೆಯಲು ಕೈ ಹಾಕಿದೆ.

"ತೆಗೀಬೇಡ!" ಎಂದು ಅತ್ತೆ ನನ್ನನ್ನು ಗದರಿ ಎದ್ದರು. ನಲವತ್ತು ವರ್ಷ ಆ ಸದ್ದಿನಲ್ಲೇ ಬದುಕಿದವರು ಹಜಾರದ ಬಾಗಿಲಲ್ಲಿ ನಿಂತು ಮಗನ ಮೇಲೆ ಕಿರುಚಿದರು: "ಲೇ, ನಿಲ್ಸೋ ಅದನ್ನ! ನಿಲ್ಸೋ ಅಂದ್ರೆ! ಮಗು ಕೇಳಿಸ್ಕೊತಾ ಐತೆ!"

ನನ್ನ ಗಂಡನಿಗೆ ಕೇಳಿಸಲಿಲ್ಲ. ಅತ್ತೆ ಒಳಗೆ ಹೋಗಿ ತಾವೇ ಸ್ವಿಚ್ಚು ಆರಿಸಿದರು. ನಾಲ್ಕನೇ ಮಗ್ಗ ನಿಂತಾಗ ಮಗಳು ಇನ್ನೂ ಅಜ್ಜಿ ಕೂಗಿದ್ದ ಹಜಾರದ ಬಾಗಿಲ ಕಡೆಗೇ ನೋಡುತ್ತಿದ್ದಳು.