ಮಳೆಯಿಲ್ಲದ ದಿನ ನೆನೆದ ಅಂಗಿ

ಎರಡು ವರ್ಷದ ಹಿಂದೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಹೆಗ್ಗನಹಳ್ಳಿಯ ಒಂದು ಮನೆಯಲ್ಲಿ, ಬಾಗಿಲು ಮುಚ್ಚಿದ ಕೋಣೆಯೊಳಗೆ ಎಡೆಯ ಮುಂದೆ ಇಟ್ಟಿದ್ದ ಹೊಸ ಅಂಗಿಯೊಂದು ನೆನೆದಿತ್ತು. ಅಂದು ಬೆಂಗಳೂರಿನಲ್ಲಿ ಮಳೆ ಬಂದಿರಲಿಲ್ಲ.

ಇಂಥದ್ದನ್ನು ನಾನು ನಂಬಿದವನಲ್ಲ. ವಿಗ್ರಹ ಕಣ್ಣೀರು ಹಾಕಿತು, ಸಮಾಧಿ ಉಸಿರಾಡಿತು ಎಂಬ ವರದಿಗಳು ಬಂದಾಗ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಅವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದವನು. ಯಾರು ನೋಡಿದರು, ಎಷ್ಟು ಹತ್ತಿರದಿಂದ ನೋಡಿದರು, ಬೇರೆ ಕಾರಣ ಇರಬಹುದೇ ಎಂದು ಕೇಳಿದರೆ ಹೆಚ್ಚಿನವು ಅಲ್ಲಿಗೇ ಮುಗಿಯುತ್ತಿದ್ದವು. ಈ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡು ಸಾಕಾಗಿದೆ. ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗಿರುವವರು ಮನೆಯ ಮಾಲೀಕರಾದ ಗೌರಮ್ಮ ಮತ್ತು ಅವರ ಸೊಸೆ ಸವಿತಾ. ಗೌರಮ್ಮನವರ ಮಗ ಮೂರ್ತಿ ಗೂಡ್ಸ್ ಟೆಂಪೊ ಓಡಿಸುತ್ತಿದ್ದ. ಅಂಗಿ ನೆನೆದದ್ದಕ್ಕೆ ಹಿಂದಿನ ವರ್ಷದ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಲೋಡು ಹಾಕಿಕೊಂಡು ಮಂಗಳೂರಿಗೆ ಹೊರಟ. ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿದು ವಾಹನಗಳೆಲ್ಲ ನಿಂತಿದ್ದವು. ಮುಂದೆ ಏನಾಗಿದೆ ನೋಡಿ ಬರ್ತೀನಿ ಎಂದು ಹಿಂದಿನ ಲಾರಿಯ ಡ್ರೈವರಿಗೆ ಹೇಳಿ, ಮಳೆಯಲ್ಲೇ ಇಳಿದು ನಡೆದ. ಮತ್ತೆ ಬರಲಿಲ್ಲ. ದೇಹವೂ ಸಿಗಲಿಲ್ಲ. ಪೊಲೀಸರ ಲೆಕ್ಕದಲ್ಲಿ ಅವನು ಕಾಣೆಯಾದ ವ್ಯಕ್ತಿ.

ಅವನು ಕಾಣೆಯಾದ ಮರುವರ್ಷದ ಭಾದ್ರಪದ ಎಲ್ಲರನ್ನೂ ಸುಸ್ತು ಮಾಡಿತ್ತು. ಬೆಳಿಗ್ಗೆ ಸ್ವೆಟರು ಬೇಕು, ಆಮೇಲೆ ನೆತ್ತಿ ಸುಡುವ ಬಿಸಿಲು, ಮಧ್ಯಾಹ್ನವಾದರೆ ದಿಕ್ಕು ದೆಸೆಯಿಲ್ಲದ ಗಾಳಿ. ಮಾಗಡಿ ರಸ್ತೆಯ ಧೂಳೆಲ್ಲ ಮನೆಯೊಳಗೆ ಬರುತ್ತಿತ್ತು. ತಾರಸಿಯಲ್ಲಿ ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತಿತ್ತು. ಮೋಡ ಕವಿಯುತ್ತಿತ್ತು, ಒಂದು ಹನಿಯನ್ನೂ ಹಾಕದೆ ಹೋಗುತ್ತಿತ್ತು. ನಮ್ಮ ಪತ್ರಿಕೆಗೆ ಹವಾಮಾನದ ಸುದ್ದಿ ಬರೆಯುವವನು ನಾನೇ. ಘಟ್ಟದಲ್ಲಿ ಗಾಳಿ ಮಳೆ, ಬಯಲುಸೀಮೆಯಲ್ಲಿ ಒಣಗಾಳಿ ಎಂಬ ಒಂದೇ ವಾಕ್ಯವನ್ನು ದಿನಾ ಹಿಂದುಮುಂದು ಮಾಡಿ ಬರೆದು ಬೇಸತ್ತಿದ್ದೆ.

ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಗೌರಮ್ಮ ಕಿಚಾಯಿಸುತ್ತಿದ್ದರು. "ಏನ್ ಪೇಪರ್ನೋರೇ, ನಿಮ್ ಮಳೆ ಪೇಪರ್ನಲ್ಲೇ ಸುರೀತದಾ? ಇಲ್ಲಿಗೂ ಒಸಿ ಕಳಿಸ್ರಪ್ಪ."

ಸವಿತಾ ನಗುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ. "ಸಾರ್, ಘಟ್ಟದಲ್ಲಿ ಇವತ್ತು ಹೆಂಗೈತೆ?" ಮಳೆ ಇದೆ ಎಂದರೆ ಸುಮ್ಮನೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಹಬ್ಬ ಹತ್ತಿರವಾದಂತೆ ಕೆಳಗೆ ಜಗಳ ಶುರುವಾಯಿತು. ಹಿರಿಯರಿಗೆ ಎಡೆ ಇಡುವಾಗ ಮಗನಿಗೂ ಒಂದು ಎಲೆ ಹಾಕಬೇಕೆಂದು ಗೌರಮ್ಮ ಹಟ ಹಿಡಿದರು. ಅವನು ಹಸಿದುಕೊಂಡು ಅಲೆಯಬಾರದು ಎಂಬುದು ಅವರ ಸಂಕಟ. ಎಲೆ ಹಾಕಿದರೆ ಗಂಡ ಸತ್ತನೆಂದು ಒಪ್ಪಿದ ಹಾಗೆ. ಅದು ಸವಿತಾಗೆ ಬೇಡ.

"ನೀವ್ ಎಲೆ ಹಾಕಿ ಅತ್ತೆ, ನಾನ್ ತಾಳಿ ತೆಗೀತೀನಿ. ತೆಗೀಲಾ?"

"ಹೆತ್ತೋಳು ನಾನು ಕಣೇ. ನಂಗೇನ್ ಖುಷೀನಾ?"

ಮಾತು ಮಹಡಿಗೆ ಕೇಳುತ್ತಿತ್ತು. ಕೊನೆಗೆ ಸವಿತಾ ಸೋತರು. ಗೌರಮ್ಮ ಮಗನ ಅಳತೆಗೆ ತಿಳಿನೀಲಿ ಬಣ್ಣದ ಅಂಗಿ ತಂದರು.

ಅಮಾವಾಸ್ಯೆಯ ದಿನ ನನ್ನನ್ನೂ ಊಟಕ್ಕೆ ಕರೆದಿದ್ದರು. ಹಿರಿಯರ ಪಟಗಳ ಮುಂದೆ ಎಲೆಗಳಲ್ಲಿ ಮುದ್ದೆ, ಬಾಡಿನ ಸಾರು, ಕಜ್ಜಾಯ. ಪಕ್ಕದಲ್ಲಿ ಹೊಸ ಬಟ್ಟೆಗಳು. ಕೊನೆಯ ಎಲೆಯ ಹತ್ತಿರ ಆ ಅಂಗಿ. ದೀಪ ಹಚ್ಚಿ, ಸಾಂಬ್ರಾಣಿ ಹೊಗೆ ಹಾಕಿ ಎಲ್ಲರೂ ಹೊರಗೆ ಬಂದೆವು. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಡುವುದು ಅವರ ಪದ್ಧತಿ. ಗೌರಮ್ಮ ಚಿಲಕ ಹಾಕಿದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಹೊರಗೆ ಗಾಳಿಗೆ ಯಾರದೋ ಮನೆಯ ತಗಡು ಬಡಿದುಕೊಳ್ಳುತ್ತಿತ್ತು.

ಆಮೇಲೆ ಗೌರಮ್ಮ ಬಾಗಿಲು ತಟ್ಟಿ ತೆಗೆದರು. ದೀಪ ಉರಿಯುತ್ತಿತ್ತು. ಎಲೆಗಳು ಇಟ್ಟಂತೆಯೇ ಇದ್ದವು. ಮೂರ್ತಿಯ ಎಲೆಯ ಪಕ್ಕ ನೆಲದ ಮೇಲೆ ನೀರು ಹರಿದಿತ್ತು.

ಅಂಗಿಯ ಮಡಿಕೆ ಕೆಟ್ಟಿರಲಿಲ್ಲ, ಕಾಲರಿನ ಗುಂಡುಸೂಜಿಯೂ ಹಾಗೇ ಇತ್ತು. ಬಿಡಿಸಿ ನೋಡಿದರೆ ಭುಜ, ಬೆನ್ನು ಪೂರಾ ನೆನೆದಿದ್ದವು. ಹೊಟ್ಟೆಯ ಭಾಗ ಒಣಗಿತ್ತು. ಮುಟ್ಟಿದೆ. ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು.

"ಬಂದಿದ್ದ. ನನ್ ಮಗ ಬಂದಿದ್ದ ಕಣೇ," ಎಂದು ಗೌರಮ್ಮ ಮಗನ ಎಲೆಯ ಮುಂದೆ ಕೂತರು.

ಸವಿತಾ ನನ್ನ ಕೈಯಿಂದ ಅಂಗಿ ತೆಗೆದುಕೊಂಡರು. "ಸತ್ತೋರು ಮಳೇಲಿ ನೆನೀತಾರಾ ಅತ್ತೆ? ಅವ್ರು ಎಲ್ಲೋ ನಡೀತಾವ್ರೆ," ಎಂದರು. ಅಳುತ್ತಿರಲಿಲ್ಲ.

ನಾನು ಕೋಣೆಯನ್ನೆಲ್ಲ ನೋಡಿದೆ. ಗಾಳಿ ನುಗ್ಗಬಾರದೆಂದು ಮುಚ್ಚಿದ್ದ ಒಂದೇ ಕಿಟಕಿಯ ಬೋಲ್ಟು ಭದ್ರವಾಗಿತ್ತು. ಎಲೆಗಳ ಮುಂದಿನ ನೀರಿನ ಲೋಟಗಳು ತುಂಬಿದ್ದವು. ಚಾವಣಿಯಲ್ಲಿ ತೇವವಿರಲಿಲ್ಲ. ಆ ಕೋಣೆಯ ಮೇಲಿರುವುದು ನನ್ನದೇ ಮಲಗುವ ಕೋಣೆ, ಅಲ್ಲಿ ನಲ್ಲಿಯಾಗಲಿ ಪೈಪಾಗಲಿ ಇಲ್ಲ. ವಾರದ ನಂತರ ಪ್ಲಂಬರನ್ನು ಕರೆಸಿದೆ. ಸೋರಿಕೆ ಇಲ್ಲ ಎಂದ. ನಾವು ಹೊರಗಿದ್ದಷ್ಟು ಹೊತ್ತು ಆ ಬಾಗಿಲು ನನ್ನ ಕಣ್ಣೆದುರಿಗೇ ಇತ್ತು. ಇವೆಲ್ಲದರಿಂದ ಏನು ತಿಳಿಯಬೇಕು ಎಂದು ನನಗೆ ಈಗಲೂ ಗೊತ್ತಿಲ್ಲ.

ಅಂದು ಸಂಜೆ ಆಫೀಸಿಗೆ ಹೋಗಿ ಹವಾಮಾನದ ಸುದ್ದಿ ಬರೆದೆ. ಘಟ್ಟದಲ್ಲಿ ಮಧ್ಯಾಹ್ನ ಜೋರು ಮಳೆ. ಬೆಂಗಳೂರಿನಲ್ಲಿ ಒಣಹವೆ.

ಸವಿತಾ ತಾಳಿ ತೆಗೆಯಲಿಲ್ಲ. ಮೂರ್ತಿಯ ಸುದ್ದಿ ಇದುವರೆಗೆ ಬಂದಿಲ್ಲ. ಈ ವರ್ಷದ ಹಬ್ಬಕ್ಕೆ ಗೌರಮ್ಮ ಮಗನ ಎಲೆ ಹಾಕಲಿಲ್ಲ. ಅವನ ಅಳತೆಯ ಒಂದು ರೇನ್‌ಕೋಟು ತಂದು ಬೀದಿಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಾರೆ.